ಪೆನ್ಶನ್ ಅಲ್ಲ, ಪಲ್ಟನ್!

ನಮಸ್ಕಾರ. ಹಿಂದಿನ ಎಪಿಸೋಡ್ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಮಿಲಿಟರಿಯವರು ಕೆಲಸ ಯಾಕೆ ಬಿಡಲ್ಲ ಗೊತ್ತಾ? ಪೆನ್ಶನ್ನು, ಕ್ಯಾಂಟೀನ್ ರಮ್ಮು. ಅಷ್ಟೇ." ಅದಕ್ಕೆ ಲೈಕ್ ಬೇರೆ! ಓದಿ ಮೈಯೆಲ್ಲ ಉರಿದುಹೋಯಿತು. ಇವತ್ತು ಇದೊಂದೇ ವಿಷಯ.

ಸೈನಿಕನನ್ನು ಅಲ್ಲಿ ಹಿಡಿದಿಡುವುದು ಪಕ್ಕದಲ್ಲಿರುವ ಸೈನಿಕ. ಅವನ ಪಲ್ಟನ್, ಅಂದರೆ ಜೊತೆಗೇ ಬದುಕುವ ಅವನ ಸೇನಾ ತುಕಡಿ.

ಪೆನ್ಶನ್ ಲೆಕ್ಕಕ್ಕೇ ಬರೋಣ. ಜವಾನರಿಗೆ 15 ವರ್ಷ ಸರ್ವೀಸ್ ಆದರೆ ಪೆನ್ಶನ್ ಸಿಗುತ್ತದೆ. ಅದೊಂದೇ ಆಸೆಯಾಗಿದ್ದರೆ 15 ತುಂಬಿದ ಮರುದಿನವೇ ಎಲ್ಲರೂ ಟ್ರಂಕ್ ಹೊತ್ತು ಊರಿನ ರೈಲು ಹತ್ತಬೇಕಿತ್ತು, ಅಲ್ವಾ? ಹವಾಲ್ದಾರರು, ಸುಬೇದಾರರು 20 ವರ್ಷ ದಾಟಿದ ಮೇಲೂ ಯಾಕಿರುತ್ತಾರೆ? "ಪ್ರಮೋಷನ್‌ಗೆ" ಅಂತೀರಿ. ಸಂಬಳ ಯಾರಿಗೆ ಬೇಡ ಸ್ವಾಮಿ? ಸಂಬಳ ನೋಡುವವನು ಸುಖದ ಪೋಸ್ಟಿಂಗ್ ಹುಡುಕುತ್ತಾನೆ.

ಕುಂದಗೋಳ ತಾಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ನೆನಪಿದ್ದಾರಾ? ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಲ್ಯಾನ್ಸ್ ನಾಯಕ್. 13 ವರ್ಷದ ಸರ್ವೀಸಿನಲ್ಲಿ 10 ವರ್ಷ ಕಷ್ಟದ ಜಾಗಗಳಲ್ಲೇ ಕಳೆದವರು. ಕಾಶ್ಮೀರ, ಈಶಾನ್ಯ ಅಂತ ತಾವಾಗಿಯೇ ಕೇಳಿ ಹಾಕಿಸಿಕೊಂಡು ಹೋದವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದಲ್ಲಿ, ಅವರ ಪೋಸ್ಟ್ ಮೇಲೆ ಹಿಮ ಕುಸಿಯಿತು. 10 ಜನ ಅಡಿಯಲ್ಲಿ. ಯಾರೂ ಬದುಕಿರಲಿಕ್ಕಿಲ್ಲ ಅಂತ ಸುದ್ದಿಯಾಯಿತು. ಜೊತೆಗಾರರು ಅಗೆಯುವುದು ಬಿಟ್ಟರಾ? ಉಸಿರಾಡುವುದೇ ಕಷ್ಟವಾದ ಆ ಜಾಗದಲ್ಲಿ ಕಲ್ಲಿನಂಥ ಹಿಮ ಕೊರೆದರು. ಆರು ದಿನದ ಮೇಲೆ ಹನುಮಂತಪ್ಪ ಜೀವಂತ ಸಿಕ್ಕರು. 11ನೇ ತಾರೀಕು ದೆಹಲಿಯಲ್ಲಿ ತೀರಿಕೊಂಡರು.

ಸಿಯಾಚಿನ್‌ನಲ್ಲಿ ಗಸ್ತು ಹೋಗುವವರು ಒಂದೇ ಹಗ್ಗಕ್ಕೆ ತಮ್ಮನ್ನು ಕಟ್ಟಿಕೊಂಡು ಸಾಲಾಗಿ ನಡೆಯುತ್ತಾರೆ. ಒಬ್ಬ ಹಿಮದ ಬಿರುಕಿಗೆ ಜಾರಿದರೆ ಉಳಿದವರು ಕಾಲೂರಿ ಎಳೆದು ಹಿಡಿಯಬೇಕು. ರಮ್ಮಿಗೋಸ್ಕರ ಯಾರಾದರೂ ಆ ಹಗ್ಗ ಕಟ್ಟಿಕೊಳ್ಳುತ್ತಾರಾ?

ಅಂದಹಾಗೆ, ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಈಗಲೇ ಆಗಿ. ಮುಂದಿನ ಎಪಿಸೋಡ್‌ನಲ್ಲಿ ಮಾಜಿ ಸೈನಿಕರೇ ಬಂದು ಮಾತಾಡುತ್ತಾರೆ. ತಪ್ಪಿಸಿಕೊಳ್ಳಬೇಡಿ.

ಇನ್ನೊಂದು ಗುಂಪು "ದೇಶಪ್ರೇಮ ಸರ್, ಬೇರೇನೂ ಅಲ್ಲ" ಅನ್ನುತ್ತದೆ. ದೇಶಪ್ರೇಮ ಹುಡುಗನನ್ನು ಭರ್ತಿ ರ‍್ಯಾಲಿಗೆ ಕರೆದುಕೊಂಡು ಹೋಗುತ್ತದೆ, ಒಪ್ಪಿದೆ. ನಡುರಾತ್ರಿ ಚಳಿಯಲ್ಲಿ ಸೆಂಟ್ರಿ ಡ್ಯೂಟಿಗೆ ಎದ್ದು ನಿಲ್ಲುವುದು ಪಕ್ಕದ ಮಂಚದವನ ಮುಖ ನೋಡಿ. ಅವನೂ ಸ್ವಲ್ಪ ನಿದ್ದೆ ಮಾಡಲಿ ಅಂತ.

ಅದಕ್ಕೇ 2022ರಲ್ಲಿ ಬಂದ ಸೇನಾ ಭರ್ತಿ ಯೋಜನೆ ಅಗ್ನಿಪಥ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ನಾಲ್ಕು ವರ್ಷ, ಆಮೇಲೆ 100ರಲ್ಲಿ ಹೆಚ್ಚೆಂದರೆ 25 ಜನ ಕಾಯಂ. ಉಳಿದವರಿಗೆ ಸುಮಾರು 11.71 ಲಕ್ಷ ಕೊಟ್ಟು ಮನೆಗೆ. ಒಬ್ಬರಿಗೊಬ್ಬರು ಹೊಂದಿಕೊಳ್ಳುವ ಹೊತ್ತಿಗೆ ಚದುರಿಸಿದರೆ ಪಲ್ಟನ್ ಎಲ್ಲಿಂದ ಬರಬೇಕು? "ಸೈನ್ಯಕ್ಕೆ ಎಳೆಯರು ಬೇಕು" ಅಂತ ವಾದ ಮಾಡುವವರು ಮಾಡಲಿ. ನಾನು ಕೇಳಲ್ಲ!

ಕಾಮೆಂಟ್ ಹಾಕಿದವರೇ, ನಿಮ್ಮೂರಲ್ಲೂ ಒಬ್ಬರು ರಿಟೈರ್ಡ್ ಮಿಲಿಟರಿಯವರು ಇರುತ್ತಾರೆ. ಹೋಗಿ "ಯಾವ ಪಲ್ಟನ್ ಸಾರ್ ನಿಮ್ದು?" ಅಂತ ಕೇಳಿ. ಸುಮ್ನೆ ಕೂತು ಕೇಳಿಸಿಕೊಳ್ಳಿ. ಪೆನ್ಶನ್ ಮಾತು ಎಷ್ಟು ಬರುತ್ತದೆ, ಜೊತೆಗಾರರ ಹೆಸರು ಎಷ್ಟು ಬರುತ್ತದೆ, ನೀವೇ ನೋಡಿ. ಪಲ್ಟನ್ ಸ್ವಾಮಿ, ಪಲ್ಟನ್! ಇನ್ನೆಷ್ಟು ಸಲ ಹೇಳಲಿ?