ಶೇ 70ರ ಗೆರೆ: ಇಲೆಕ್ಟ್ರಿಕ್ ಕಾರಿನ ಬ್ಯಾಟರಿ ಸವೆದಾಗ ವಾರಂಟಿ ಏನು ಕೊಡುತ್ತದೆ?

(ತೆರೆಯ ಮೇಲೆ: ಕಾರಿನ ಡ್ಯಾಶ್‌ಬೋರ್ಡಿನ ಒಂದು ಮೂಲೆ. ಒಂದರ ಮೇಲೊಂದು ಜೋಡಿಸಿದ 12 ಪುಟ್ಟ ಪಟ್ಟಿಗಳು. ಮೇಲಿನದೊಂದು ಆರುತ್ತದೆ.)

ನಮಸ್ಕಾರ. ನೀವು ಈಗ ನೋಡುತ್ತಿರುವುದು 2010ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ನಿಸಾನ್ ಲೀಫ್ ಕಾರಿನ ಡ್ಯಾಶ್‌ಬೋರ್ಡ್. ಚಾರ್ಜ್ ಎಷ್ಟಿದೆ ಎಂದು ತೋರಿಸುವ ದೊಡ್ಡ ಪಟ್ಟಿಗಳ ಪಕ್ಕದಲ್ಲೇ ಸಣ್ಣದಾದ ಇನ್ನೊಂದು ಸಾಲು ಇದೆ. ಬ್ಯಾಟರಿಯನ್ನು ಪೂರ್ತಿ ತುಂಬಿಸಿದರೆ ಅದು ಎಷ್ಟು ಹಿಡಿಯಬಲ್ಲದು ಎಂಬುದನ್ನು ಹೇಳುವುದು ಈ ಸಣ್ಣ ಸಾಲು. ಹೊಸ ಕಾರಿನಲ್ಲಿ 12 ಪಟ್ಟಿಗಳೂ ಬೆಳಗುತ್ತವೆ. ಒಂದು ಪಟ್ಟಿ ಆರಿದರೆ ಹನ್ನೆರಡರಲ್ಲಿ ಒಂದು ಭಾಗ, ಅಂದರೆ ಶೇ 8ರಷ್ಟು ಸಾಮರ್ಥ್ಯ ಹೋಯಿತೆಂದು ಯಾರಾದರೂ ಲೆಕ್ಕ ಹಾಕಿಯಾರು. ಆ ಲೆಕ್ಕ ತಪ್ಪು. ಮೊದಲ ಪಟ್ಟಿ ಆರುವ ಹೊತ್ತಿಗೆ ಸುಮಾರು ಶೇ 15ರಷ್ಟು ಸಾಮರ್ಥ್ಯ ಕುಂದಿರುತ್ತದೆ. ಅಲ್ಲಿಂದ ಮುಂದಿನ ಒಂದೊಂದು ಪಟ್ಟಿಯ ಬೆಲೆ ಸುಮಾರು ಶೇ 6.25.

2012ರ ಬೇಸಿಗೆಯಲ್ಲಿ ಅಮೆರಿಕದ ಅರಿಜೋನಾದ ಬಿಸಿಲಿನಲ್ಲಿ ಓಡುತ್ತಿದ್ದ ಲೀಫ್ ಕಾರುಗಳಲ್ಲಿ ಈ ಪಟ್ಟಿಗಳು ನಿರೀಕ್ಷೆಗಿಂತ ಬೇಗನೆ ಆರತೊಡಗಿದವು. ಆ ಕಾರಿನ ಬ್ಯಾಟರಿಗೆ ದ್ರವ ಹರಿಸಿ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. ಮಾಲೀಕರು ವಾರಂಟಿ ಪುಸ್ತಕ ತೆರೆದು ನೋಡಿದರೆ, ಬ್ಯಾಟರಿಯ ತಯಾರಿಕಾ ದೋಷಕ್ಕೆ ಎಂಟು ವರ್ಷಗಳ ಭರವಸೆ ಇತ್ತೇ ಹೊರತು, ಕಾಲಕ್ರಮದಲ್ಲಿ ಸಾಮರ್ಥ್ಯ ಕುಂದುವುದು ಸಹಜವೆಂದು ಹೇಳಿ ಅದನ್ನು ವಾರಂಟಿಯಿಂದ ಹೊರಗಿಟ್ಟಿದ್ದರು. ದೂರುಗಳು ಹೆಚ್ಚಿದ ಮೇಲೆ ಕಂಪನಿ ಹೊಸದೊಂದು ಷರತ್ತನ್ನು ಸೇರಿಸಿತು: ಐದು ವರ್ಷ ಅಥವಾ 60,000 ಮೈಲಿ, ಅಂದರೆ ಸುಮಾರು 96,000 ಕಿಲೋಮೀಟರ್ ತುಂಬುವುದರೊಳಗೆ ಪಟ್ಟಿಗಳ ಸಂಖ್ಯೆ ಒಂಬತ್ತಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ದುರಸ್ತಿ ಮಾಡಲಾಗುವುದು ಅಥವಾ ಬದಲಿಸಲಾಗುವುದು.

ಇಂದಿನ ವಿಡಿಯೋದ ವಿಷಯ ಈ ಘಟನೆಯಲ್ಲೇ ಇದೆ. ‘ಬ್ಯಾಟರಿಗೆ ಎಂಟು ವರ್ಷ ವಾರಂಟಿ’ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಭರವಸೆಗಳು ಅಡಗಿರುತ್ತವೆ. ಒಂದು ದೋಷಕ್ಕೆ ಸಂಬಂಧಿಸಿದ್ದು, ಇನ್ನೊಂದು ಸವಕಳಿಗೆ ಸಂಬಂಧಿಸಿದ್ದು. ಮೊದಲನೆಯದನ್ನು ಸಾಬೀತುಪಡಿಸಲು ಕಾರೇ ನೆರವಾಗುತ್ತದೆ. ಎರಡನೆಯದು ಪೂರ್ತಿಯಾಗಿ ಒಂದು ಅಂಕಿಯ ಮೇಲೆ ನಿಂತಿದೆ, ಮತ್ತು ಆ ಅಂಕಿಯನ್ನು ಅಳೆಯುವುದು ಸಾಮಾನ್ಯವಾಗಿ ಕಂಪನಿಯವರೇ.

(ತೆರೆಯ ಮೇಲೆ: ಸೆಲ್ ಒಂದರ ಅಡ್ಡಸೀಳಿಕೆಯ ಚಿತ್ರ. ಗ್ರಾಫೈಟ್ ಕಣಗಳ ಮೇಲೆ ತೆಳುವಾದ ಪೊರೆ ಬೆಳೆಯುತ್ತದೆ.)

ಮೊದಲು ಸವಕಳಿಯನ್ನು ನೋಡೋಣ. ಕಾರಿನ ಬ್ಯಾಟರಿಯ ಬಿಡಿ ಘಟಕವಾದ ಲಿಥಿಯಂ ಅಯಾನ್ ಸೆಲ್ಲಿನೊಳಗೆ ಎರಡು ವಿದ್ಯುದ್ವಾರಗಳ ನಡುವೆ ಲಿಥಿಯಂ ಹೋಗಿಬಂದು ಮಾಡುತ್ತಿರುತ್ತದೆ: ಚಾರ್ಜ್ ಮಾಡುವಾಗ ಗ್ರಾಫೈಟ್ ಇರುವ ಕಡೆಗೆ, ಕಾರು ಓಡುವಾಗ ಮರಳಿ ಇನ್ನೊಂದು ಕಡೆಗೆ. ಸೆಲ್ ಮೊದಮೊದಲು ಚಾರ್ಜ್ ಆಗುವಾಗಲೇ ಒಳಗಿನ ದ್ರಾವಣವು ಗ್ರಾಫೈಟಿನ ಮೇಲ್ಮೈಯೊಂದಿಗೆ ವರ್ತಿಸಿ ಒಂದು ತೆಳು ಪೊರೆಯನ್ನು ಕಟ್ಟುತ್ತದೆ. ಈ ಪೊರೆ ಇಲ್ಲದಿದ್ದರೆ ಸೆಲ್ ಬಾಳುವುದೇ ಇಲ್ಲ, ಏಕೆಂದರೆ ದ್ರಾವಣ ಇನ್ನಷ್ಟು ಹಾಳಾಗದಂತೆ ತಡೆಯುವುದು ಅದೇ. ಆದರೆ ಪೊರೆ ಬೆಳೆಯುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಬೆಳೆದಷ್ಟೂ ಒಂದಿಷ್ಟು ಲಿಥಿಯಂ ಅದರಲ್ಲಿ ಸಿಕ್ಕಿಕೊಂಡು, ಮತ್ತೆಂದೂ ಸಂಚಾರಕ್ಕೆ ಒದಗುವುದಿಲ್ಲ. ಪೊರೆ ದಪ್ಪವಾದಂತೆ ಅದರ ಬೆಳವಣಿಗೆ ನಿಧಾನವಾಗುವುದರಿಂದ, ಮೊದಲ ಒಂದೆರಡು ವರ್ಷಗಳಲ್ಲಿ ಸಾಮರ್ಥ್ಯ ತುಸು ಚುರುಕಾಗಿ ಇಳಿದು, ಆಮೇಲೆ ಇಳಿತ ಮಂದವಾಗುವುದೇ ಹೆಚ್ಚು. ಹೊಸ ಕಾರಿನ ಮೊದಲ ವರ್ಷದಲ್ಲೇ ಶೇ 4 ಹೋಯಿತೆಂದು, ಎಂಟು ವರ್ಷಕ್ಕೆ ಶೇ 32 ಹೋಗುತ್ತದೆಂದು ಗುಣಾಕಾರ ಮಾಡಿ ಗಾಬರಿಪಡುವವರು ಈ ಮಾತನ್ನು ಗಮನಿಸಬೇಕು.

ಈ ಕ್ರಿಯೆ ಕಾರು ನಿಂತಿದ್ದರೂ ನಡೆಯುತ್ತದೆ. ಬಿಸಿ ಹೆಚ್ಚಿದಷ್ಟೂ, ಬ್ಯಾಟರಿ ಶೇ 100ರ ಆಸುಪಾಸಿನಲ್ಲಿ ತುಂಬಿಕೊಂಡು ನಿಂತಷ್ಟೂ ಅದರ ವೇಗ ಹೆಚ್ಚು. ಬಿಸಿಲಿನಲ್ಲಿ ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ನಿಲ್ಲಿಸಿದ ಕಾರು ಒಂದು ಕಿಲೋಮೀಟರೂ ಓಡದೆ ಸವೆಯುತ್ತದೆ. ಇನ್ನು ಬಳಕೆಯಿಂದ ಆಗುವ ಸವಕಳಿ ಬೇರೆ: ಪ್ರತಿ ಬಾರಿ ತುಂಬಿ ಬರಿದಾಗುವಾಗ ಕಣಗಳು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತವೆ, ಬಿರುಕಿನ ಹೊಸ ಮೇಲ್ಮೈಯಲ್ಲಿ ಮತ್ತೆ ಪೊರೆ ಕಟ್ಟುತ್ತದೆ. ತೀರಾ ತಣ್ಣಗಿರುವ ಬ್ಯಾಟರಿಯನ್ನು ಫಾಸ್ಟ್ ಚಾರ್ಜರಿಗೆ ಹಾಕಿದರೆ ಲಿಥಿಯಂ ಗ್ರಾಫೈಟಿನ ಒಳಹೋಗಲು ವ್ಯವಧಾನವಿಲ್ಲದೆ ಹೊರಮೈಯಲ್ಲೇ ಲೋಹವಾಗಿ ಕೂರುವ ಅಪಾಯವಿದೆ. ಅದನ್ನು ತಪ್ಪಿಸಲೆಂದೇ ಬಿಎಂಎಸ್, ಅಂದರೆ ಬ್ಯಾಟರಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಚಳಿಯಲ್ಲಿ ಚಾರ್ಜಿಂಗ್ ವೇಗವನ್ನು ತಗ್ಗಿಸುತ್ತದೆ. ಚಾರ್ಜರ್ ಸರಿಯಿಲ್ಲವೆಂದು ನಾವು ಬೈಯುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಚಳಿಗಾಲದಲ್ಲಿ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಕಡಿಮೆಯಾಗುವುದು ಸವಕಳಿಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ತಾಪ ಏರಿದರೆ ಅದು ಮರಳಿ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ‘ಇನ್ನು ಇಷ್ಟು ಕಿಲೋಮೀಟರ್’ ಎಂಬ ಅಂಕಿಯೂ ಬಹುಪಾಲು ಕಾರುಗಳಲ್ಲಿ ನೀವು ಇತ್ತೀಚೆಗೆ ಓಡಿಸಿದ ರೀತಿಯ ಮೇಲೆ ಹಾಕಿದ ಅಂದಾಜು. ಅದನ್ನು ಹಿಡಿದುಕೊಂಡು ಸರ್ವಿಸ್ ಸೆಂಟರಿಗೆ ಹೋದರೆ ವಾದ ನಿಲ್ಲುವುದಿಲ್ಲ.

(ತೆರೆಯ ಮೇಲೆ: ಇಳಿಯುತ್ತ ಸಾಗುವ ಒಂದು ವಕ್ರರೇಖೆ. ಶೇ 70ರಲ್ಲಿ ಅಡ್ಡಗೆರೆ.)

ವಾರಂಟಿಯ ಶೇ 70ರ ಗೆರೆ ಬರುವುದು ಇಲ್ಲಿಗೆ. ಟೆಸ್ಲಾ ಕಂಪನಿಯ ಮಾಡೆಲ್ ಎಸ್ ಕಾರಿಗೆ ಮೊದಲು ಎಂಟು ವರ್ಷ, ಎಷ್ಟು ಕಿಲೋಮೀಟರಾದರೂ ಸರಿ ಎಂಬ ವಾರಂಟಿ ಇತ್ತು. ಕೇಳಲು ಉದಾರ, ಆದರೆ ಸಾಮರ್ಥ್ಯದ ಇಳಿತ ಅದರಲ್ಲಿ ಸೇರಿರಲಿಲ್ಲ. 2020ರಲ್ಲಿ ಹೊಸ ಕಾರುಗಳಿಗೆ ಅದು ಎಂಟು ವರ್ಷ ಅಥವಾ 1,50,000 ಮೈಲಿ, ಸುಮಾರು 2.4 ಲಕ್ಷ ಕಿಲೋಮೀಟರ್ ಎಂದು ಬದಲಾಯಿತು, ಜೊತೆಗೆ ಆ ಅವಧಿಯಲ್ಲಿ ಶೇ 70ರಷ್ಟು ಸಾಮರ್ಥ್ಯ ಉಳಿಯುತ್ತದೆಂಬ ಭರವಸೆಯೂ ಬಂತು. ಮಿತಿಯಿಲ್ಲ ಎಂಬ ಪದ ಹೋಯಿತು, ಅಳತೆಯೊಂದು ಬಂತು. ಗ್ರಾಹಕನಿಗೆ ಎರಡನೆಯದೇ ಮೇಲೆಂದು ನನ್ನ ಅಭಿಪ್ರಾಯ. 2022ರಲ್ಲಿ ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆ ಬ್ಯಾಟರಿಯ ಬಾಳಿಕೆಗೆಂದೇ ಒಂದು ಜಾಗತಿಕ ನಿಯಮವನ್ನು ಒಪ್ಪಿತು. ಅದರ ಪ್ರಕಾರ ಐದು ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ತನಕ ಶೇ 80, ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ತನಕ ಶೇ 70 ಉಳಿದಿರಬೇಕು. 2024ರಲ್ಲಿ ಅಂಗೀಕಾರವಾದ ಯೂರೋಪಿನ ಯೂರೋ 7 ನಿಯಮ ಕಾರುಗಳ ಮಟ್ಟಿಗೆ ಎರಡನೆಯ ಅಂಕಿಯನ್ನು ಶೇ 72ಕ್ಕೆ ಏರಿಸಿದೆ.

ಶೇ 71 ಇರುವ ಬ್ಯಾಟರಿಯ ಮಾಲೀಕನಿಗೆ ಏನೂ ಸಿಗುವುದಿಲ್ಲ, ಶೇ 69 ಇರುವವನಿಗೆ ಬ್ಯಾಟರಿಯೇ ಬದಲಾಗಬಹುದು. ಅಳತೆಯಲ್ಲಿ ಒಂದೆರಡು ಅಂಶ ಆಚೀಚೆಯಾಗುವುದು ಸಹಜವಾಗಿರುವಾಗ ಈ ಗೆರೆ ಎಷ್ಟು ಕಠಿಣವೆಂದು ನೀವೇ ಯೋಚಿಸಿ. ಇನ್ನೊಂದು ಸೂಕ್ಷ್ಮವಿದೆ: ಶೇ 70 ಎಂದರೆ ಯಾವುದರ ಶೇ 70? ಬ್ಯಾಟರಿಯ ಒಟ್ಟು ಸಾಮರ್ಥ್ಯದ ಒಂದು ಭಾಗವನ್ನು ಕಂಪನಿ ಬೀಗ ಹಾಕಿ ಕಾದಿರಿಸಿರುತ್ತದೆ. ನಮಗೆ ಬಳಸಲು ಸಿಗುವುದು ಉಳಿದದ್ದು. ಅಳತೆ ಯಾವುದನ್ನು ಆಧರಿಸಿದೆ, ಯಾವ ವಿಧಾನದಲ್ಲಿ ಮಾಡುತ್ತಾರೆ ಎಂಬುದು ವಾರಂಟಿ ಪುಸ್ತಕದಲ್ಲಿದ್ದರೆ ಅದೃಷ್ಟ. ಎಷ್ಟೋ ಪುಸ್ತಕಗಳಲ್ಲಿ ‘ಕಂಪನಿ ನಿರ್ಧರಿಸಿದ ವಿಧಾನ’ ಎಂಬಷ್ಟಕ್ಕೆ ಮಾತು ಮುಗಿಯುತ್ತದೆ.

(ತೆರೆಯ ಮೇಲೆ: ಕಾಗದ, ಪೆನ್ನು. ಅಂಕಿಗಳು ಒಂದೊಂದಾಗಿ ಮೂಡುತ್ತವೆ.)

ಸರ್ವಿಸ್ ಸೆಂಟರಿಗೆ ಹೋಗುವ ಮೊದಲು ನಾವೇ ಒಂದು ಅಂದಾಜು ಮಾಡಿಕೊಳ್ಳಬಹುದು. ಬಳಕೆಗೆ 50 ಯೂನಿಟ್ ಸಿಗುವ ಬ್ಯಾಟರಿ ಎಂದಿಟ್ಟುಕೊಳ್ಳಿ. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಅವರ್. ಕಾರು ಶೇ 10ಕ್ಕೆ ಇಳಿದಾಗ ನಿಧಾನಗತಿಯ ಚಾರ್ಜರಿಗೆ ಹಾಕಿ ಶೇ 90 ಆಗುವ ತನಕ ಬಿಡಿ. ಚಾರ್ಜರಿನ ಮೀಟರಿನಲ್ಲಿ 38 ಯೂನಿಟ್ ಬಂತು. ಇದರಲ್ಲಿ ಸುಮಾರು ಹತ್ತನೇ ಒಂದು ಭಾಗ ಬಿಸಿಯಾಗಿ ದಾರಿಯಲ್ಲೇ ಹೋಗಿರುತ್ತದೆಂದು ಹಿಡಿದರೆ ಬ್ಯಾಟರಿಗೆ ಸೇರಿದ್ದು 34.2. ಇದು ಶೇ 80ರ ಲೆಕ್ಕ. ಶೇ 100ಕ್ಕೆ 42.75. ಅದನ್ನು 50ಕ್ಕೆ ಹೋಲಿಸಿದರೆ ಶೇ 85.5. ಹತ್ತನೇ ಒಂದು ಎಂಬುದು ಊಹೆಯಾದ್ದರಿಂದ ಈ ಅಂಕಿಯನ್ನು ಕಲ್ಲಿನ ಮೇಲೆ ಕೆತ್ತಬೇಕಿಲ್ಲ. ಆದರೆ ಆರಾರು ತಿಂಗಳಿಗೊಮ್ಮೆ ಅದೇ ಚಾರ್ಜರಿನಲ್ಲಿ, ಹೆಚ್ಚುಕಡಿಮೆ ಅದೇ ತಾಪಮಾನದಲ್ಲಿ ಇದನ್ನೇ ಮಾಡಿ, ದಿನಾಂಕ ಮತ್ತು ಓಡಿದ ಕಿಲೋಮೀಟರಿನೊಂದಿಗೆ ಬರೆದಿಟ್ಟರೆ ಇಳಿತದ ಗತಿ ಕಣ್ಣಿಗೆ ಕಾಣುತ್ತದೆ. ಓಬಿಡಿ ಪೋರ್ಟಿಗೆ, ಅಂದರೆ ಮೆಕ್ಯಾನಿಕ್‌ಗಳು ಕಾರಿನ ದೋಷ ಪತ್ತೆಗೆ ಬಳಸುವ ಕಿಂಡಿಗೆ, ಸಿಕ್ಕಿಸುವ ಪುಟ್ಟ ಸಾಧನದಿಂದ ಬಿಎಂಎಸ್ ಹೇಳುವ ಆರೋಗ್ಯದ ಶೇಕಡಾವಾರನ್ನು ಓದುವುದೂ ಹಲವು ಕಾರುಗಳಲ್ಲಿ ಸಾಧ್ಯ, ಅದೂ ಅಂದಾಜೇ.

ಎಲ್‌ಎಫ್‌ಪಿ ಬ್ಯಾಟರಿ ಇರುವ ಕಾರುಗಳಲ್ಲಿ ಈ ಅಂದಾಜು ಇನ್ನೂ ಜಾರುತ್ತದೆ. ಲಿಥಿಯಂ, ಕಬ್ಬಿಣ ಮತ್ತು ಫಾಸ್ಫೇಟ್ ಬಳಸಿದ ಈ ಸೆಲ್ಲುಗಳ ವೋಲ್ಟೇಜು ಚಾರ್ಜಿನ ನಡುಭಾಗದುದ್ದಕ್ಕೂ ಬಹುತೇಕ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ, ಎಷ್ಟು ಉಳಿದಿದೆ ಎಂದು ತಿಳಿಯುವುದು ಬಿಎಂಎಸ್‌ಗೇ ಕಷ್ಟ. ಆ ಕಾರಣಕ್ಕೇ ಟೆಸ್ಲಾ ಇಂಥ ಕಾರುಗಳನ್ನು ವಾರಕ್ಕೊಮ್ಮೆ ಶೇ 100ರ ತನಕ ಚಾರ್ಜ್ ಮಾಡಲು ಹೇಳುತ್ತದೆ. ಸಾಮರ್ಥ್ಯ ಕುಂದಿದೆ ಎಂದು ದೂರುವ ಮೊದಲು ಇದನ್ನು ಮಾಡಿ ನೋಡಿ. ಕಳೆದುಹೋದ ಶೇಕಡಾ ಕೆಲವು ಸಲ ಸಿಕ್ಕಿಬಿಡುತ್ತದೆ.

ಈಗ ದೋಷದ ಕಡೆಗೆ ಬರೋಣ. ಲೀಫಿನ ಮೊದಲ ಬ್ಯಾಟರಿ ಪ್ಯಾಕಿನಲ್ಲಿ 192 ಸೆಲ್ಲುಗಳಿದ್ದವು; ನಾಲ್ಕು ನಾಲ್ಕು ಸೇರಿ 48 ಮಾಡ್ಯೂಲ್. ಜೋಡಿ ಎತ್ತುಗಳಲ್ಲಿ ಒಂದು ಕುಂಟಿದರೆ ಗಾಡಿ ಅದರ ನಡಿಗೆಗೇ ಇಳಿಯುವಂತೆ, ಸಾಲಾಗಿ ಜೋಡಿಸಿದ ಸೆಲ್ಲುಗಳಲ್ಲಿ ಒಂದು ಕೈಕೊಟ್ಟರೆ ಇಡೀ ಪ್ಯಾಕು ಅದಕ್ಕೆ ತಕ್ಕಂತೆ ನಿಲ್ಲಬೇಕಾಗುತ್ತದೆ. ಲಕ್ಷಣಗಳು ಸವಕಳಿಯ ಹಾಗಿರುವುದಿಲ್ಲ: ಶೇ 25 ತೋರಿಸುತ್ತಿದ್ದ ಕಾರು ಏರು ರಸ್ತೆಯಲ್ಲಿ ಏಕಾಏಕಿ ಶೇ 8ಕ್ಕೆ ಬೀಳುತ್ತದೆ, ಎಳೆತ ಕುಗ್ಗುತ್ತದೆ, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ದೋಷದ ಕೋಡ್ ದಾಖಲಾಗುತ್ತದೆ. ಸೆಲ್ಲುಗಳ ವೋಲ್ಟೇಜ್ ಪಟ್ಟಿಯಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಕೆಳಗಿದ್ದರೆ, ಶೇ 70ರ ಗೆರೆಯ ಚರ್ಚೆಯೇ ಬೇಕಿಲ್ಲ. ಅದು ದೋಷದ ವಾರಂಟಿಯಡಿ ಬರಬೇಕಾದ ವಿಷಯ. ‘ರೇಂಜ್ ಕಡಿಮೆಯಾಗಿದೆ’ ಎಂದಷ್ಟೇ ದೂರು ಬರೆಸಿದರೆ ‘ಇದು ಸಹಜ ಸವಕಳಿ’ ಎಂಬ ಉತ್ತರ ಸಿದ್ಧವಿರುತ್ತದೆ. ಜಾಬ್ ಕಾರ್ಡಿನಲ್ಲಿ ಲಕ್ಷಣಗಳನ್ನು ಅವು ಕಂಡ ಹಾಗೆಯೇ ಬರೆಸಬೇಕು, ದೀಪ ಹೊತ್ತಿದ ಕ್ಷಣದ ಫೋಟೋ ಇರಬೇಕು.

ತಯಾರಿಕೆಯ ದೋಷ ಒಂದೇ ಕಾರಿನದಾಗಿರದೆ ಇಡೀ ಮಾದರಿಯದೇ ಆಗಿದ್ದರೆ ಅದು ವಾರಂಟಿಯನ್ನು ದಾಟಿ ರೀಕಾಲ್ ಆಗುತ್ತದೆ, ಅಂದರೆ ಕಂಪನಿಯೇ ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುತ್ತದೆ. 2021ರಲ್ಲಿ ಷೆವ್ರೊಲೆ ಬೋಲ್ಟ್ ಕಾರುಗಳಿಗೆ ಆದದ್ದು ಇದೇ. ಸೆಲ್ಲಿನೊಳಗೆ ಹರಿದ ಆನೋಡ್ ಟ್ಯಾಬ್ (ಒಂದು ವಿದ್ಯುದ್ವಾರದ ಲೋಹದ ತುದಿ) ಮತ್ತು ಎರಡು ವಿದ್ಯುದ್ವಾರಗಳನ್ನು ಬೇರೆಯಿಡುವ ತೆಳುಹಾಳೆ ಮಡಚಿಕೊಂಡಿರುವುದು, ಈ ಎರಡು ದೋಷಗಳು ಒಂದೇ ಸೆಲ್ಲಿನಲ್ಲಿ ಕೂಡಿದರೆ ಬೆಂಕಿಯ ಅಪಾಯವಿತ್ತು. ಆ ವರ್ಷವೇ ಹ್ಯುಂಡೈ ಕೋನಾ ಬ್ಯಾಟರಿಗಳ ಬದಲಾವಣೆಯೂ ಘೋಷಣೆಯಾಯಿತು. ರೀಕಾಲಿನಲ್ಲಿ ಶೇಕಡಾ ಎಷ್ಟೆಂದು ಯಾರೂ ಕೇಳುವುದಿಲ್ಲ.

(ತೆರೆಯ ಮೇಲೆ: ಲಿಫ್ಟಿನ ಮೇಲೆ ಕಾರು. ಕೆಳಗಿನಿಂದ ಬ್ಯಾಟರಿ ಪ್ಯಾಕ್ ನಿಧಾನವಾಗಿ ಇಳಿಯುತ್ತದೆ.)

ಕ್ಲೇಮ್ ಒಪ್ಪಿಗೆಯಾಯಿತು ಎಂದುಕೊಳ್ಳೋಣ. ಹೊಚ್ಚ ಹೊಸ ಬ್ಯಾಟರಿ ಬರುತ್ತದೆಂದು ನಿರೀಕ್ಷಿಸುವವರೇ ಹೆಚ್ಚು, ಆದರೆ ವಾರಂಟಿಯ ಭಾಷೆ ಅಷ್ಟು ಧಾರಾಳವಾಗಿಲ್ಲ. ಲೀಫಿನ ಸಾಮರ್ಥ್ಯದ ವಾರಂಟಿ ಹೇಳಿದ್ದು ಒಂಬತ್ತು ಪಟ್ಟಿಗಳಿಗೆ ಮರಳಿಸುತ್ತೇವೆ ಎಂದು, ಹನ್ನೆರಡಕ್ಕೆ ಎಂದಲ್ಲ. ಟೆಸ್ಲಾದ ವಾರಂಟಿಯ ಪ್ರಕಾರ ಬದಲಿ ಬ್ಯಾಟರಿಯ ಸಾಮರ್ಥ್ಯ, ಕಾರಿನ ವಯಸ್ಸು ಮತ್ತು ಓಡಿದ ದೂರವನ್ನು ಗಮನದಲ್ಲಿಟ್ಟುಕೊಂಡು, ಕೆಡುವ ಮುಂಚೆ ಹಳೆಯದಕ್ಕೆ ಇದ್ದಷ್ಟಾದರೂ ಇರುತ್ತದೆ. ಬರುವ ಪ್ಯಾಕು ಹೊಸದಾಗಿರಬಹುದು, ದುರಸ್ತಿ ಮಾಡಿ ಸಿದ್ಧಪಡಿಸಿದ್ದೂ ಆಗಿರಬಹುದು. ಒಂದು ಮಾಡ್ಯೂಲ್ ಮಾತ್ರ ಕೆಟ್ಟಿದ್ದರೆ ಅದನ್ನಷ್ಟೇ ಬದಲಿಸಿ ಕೊಡುವುದೂ ಉಂಟು. ಹಳೆಯ ಸೆಲ್ಲುಗಳ ನಡುವೆ ಹೊಸ ಮಾಡ್ಯೂಲ್ ಕೂರಿಸುವಾಗ ಅವುಗಳ ಸಾಮರ್ಥ್ಯ ಮತ್ತು ವೋಲ್ಟೇಜ್ ಹೊಂದಬೇಕು, ಇಲ್ಲವಾದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ದೀಪ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಏನನ್ನು ಬದಲಿಸಿದರು, ಬದಲಿಸಿದ ಮೇಲೆ ಅಳೆದ ಸಾಮರ್ಥ್ಯ ಎಷ್ಟು ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳುವುದು ಒರಟುತನವಲ್ಲ.

ಕ್ಲೇಮ್ ತಿರಸ್ಕಾರವಾಗುವ ಕಾರಣಗಳಲ್ಲಿ ಹಲವು ನಮ್ಮ ಕೈಯಲ್ಲೇ ಇವೆ. ಲೀಫಿನ ವಾರಂಟಿ ಪುಸ್ತಕ ಕೆಲವನ್ನು ಅಂಕಿಗಳೊಡನೆ ಹೇಳಿತ್ತು: 49 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪದಲ್ಲಿ 24 ಗಂಟೆ ಮೀರಿ ಕಾರನ್ನು ಇಡುವುದು, ಚಾರ್ಜ್ ಸೊನ್ನೆಯ ಹತ್ತಿರ ಇಳಿದ ಮೇಲೆ 14 ದಿನಕ್ಕೂ ಹೆಚ್ಚು ಹಾಗೇ ಬಿಡುವುದು. ದೀರ್ಘ ಪ್ರವಾಸಕ್ಕೆ ಹೋಗುವವರು ಎರಡನೆಯದನ್ನು ಸುಲಭವಾಗಿ ಮರೆಯುತ್ತಾರೆ. ಕಾರನ್ನು ಶೇ 50ರ ಆಸುಪಾಸಿನಲ್ಲಿ ಬಿಟ್ಟು ಹೋಗುವುದು ಒಳ್ಳೆಯದು. ಪ್ಯಾಕನ್ನು ಬೇರೆಡೆ ಬಿಚ್ಚಿಸಿದ್ದರೆ, ಪ್ರವಾಹದ ನೀರು ಹೊಕ್ಕಿದ್ದರೆ ಅಥವಾ ಕಾರಿನ ಬ್ಯಾಟರಿಯನ್ನು ಮನೆಗೆ ವಿದ್ಯುತ್ ಕೊಡಲು ಕಂಪನಿಯ ಒಪ್ಪಿಗೆಯಿಲ್ಲದೆ ಬಳಸಿದ್ದರೆ ವಾದಕ್ಕೆ ಜಾಗ ಉಳಿಯುವುದು ಕಷ್ಟ.

ಬದಲಿ ಬ್ಯಾಟರಿಗೆ ಮತ್ತೆ ಎಂಟು ವರ್ಷ ಸಿಗುತ್ತದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸಾಮಾನ್ಯವಾಗಿ ಇಲ್ಲ. ವಾರಂಟಿಯ ಎಣಿಕೆ ಕಾರು ಮೊದಲು ಮಾರಾಟವಾದ ದಿನದಿಂದಲೇ ಮುಂದುವರಿಯುತ್ತದೆ. ಏಳು ವರ್ಷ ತುಂಬಿದಾಗ ಪ್ಯಾಕು ಬದಲಾದರೆ ಅದಕ್ಕೆ ಉಳಿಯುವುದು ಒಂದು ವರ್ಷ. ಇದೇ ಕಾರಣಕ್ಕೆ ಶೇ 72ರಲ್ಲಿ ಏಳನೇ ವರ್ಷಕ್ಕೆ ಕಾಲಿಟ್ಟ ಕಾರಿನ ಮಾಲೀಕರು ಅವಧಿ ಮುಗಿಯುವ ಕೊನೆಯ ವಾರದ ತನಕ ಕಾಯದೆ, ಇನ್ನೂ ಕೆಲವು ತಿಂಗಳು ಇರುವಾಗಲೇ ಸಾಮರ್ಥ್ಯದ ಅಧಿಕೃತ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು ದಿನಾಂಕ ಮತ್ತು ಸಹಿಯೊಂದಿಗೆ ಪಡೆದಿಟ್ಟುಕೊಳ್ಳಬೇಕು. ಆಗ ಗೆರೆಯ ಕೆಳಗಿಳಿಯುವುದು ಅವಧಿಯ ಒಳಗೋ ಹೊರಗೋ ಎಂಬ ಪ್ರಶ್ನೆಗೆ ಕಾಗದದಲ್ಲೇ ಉತ್ತರವಿರುತ್ತದೆ.