ಮೊಟ್ಟೆ ಬಿಟ್ಟರೂ ಕೊಲೆಸ್ಟ್ರಾಲ್ ಇಳಿಯಲಿಲ್ಲವೇಕೆ?

ಕೇಳುಗರೇ, ನಮಸ್ಕಾರ.

ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಅಂತ ಬಂದ ಕೂಡಲೇ ಹೆಚ್ಚಿನವರು ಮೊದಲು ಬಿಡುವುದು ಮೊಟ್ಟೆ. ಕೆಲವು ತಿಂಗಳು ಬಾಯಿ ಕಟ್ಟಿ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಅಂಕಿ ಹೆಚ್ಚೂಕಡಿಮೆ ಅಲ್ಲೇ ಕೂತಿರುತ್ತದೆ. "ನಾನು ಏನೂ ತಿಂದೇ ಇಲ್ಲವಲ್ಲ, ಇದು ಎಲ್ಲಿಂದ ಬಂತು?" ಅಂತ ಬೇಜಾರು. ಆ ಪ್ರಶ್ನೆ ಸರಿಯಾಗಿಯೇ ಇದೆ.

ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲನ್ನು ಮೈಯೇ ತಯಾರಿಸಿಕೊಳ್ಳುತ್ತದೆ. ಬೇಕಾದ್ದಕ್ಕೇ ತಯಾರಿಸುತ್ತದೆ. ಜೀವಕೋಶಗಳ ಹೊರಪದರಕ್ಕೆ ಅದು ಬೇಕು, ಪಿತ್ತರಸಕ್ಕೆ ಬೇಕು. ಈಸ್ಟ್ರೊಜೆನ್, ಟೆಸ್ಟೋಸ್ಟಿರಾನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹುಟ್ಟುವುದೂ ಅದರಿಂದಲೇ. ಊಟದಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂದರೆ ಲಿವರ್ ತನ್ನ ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಬಹಳಷ್ಟು ಜನರಲ್ಲಿ ಮೊಟ್ಟೆಯ ಪ್ರಭಾವ ನಾವು ಹೆದರುವಷ್ಟು ಇರುವುದಿಲ್ಲ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ, ಅವುಗಳ ರಕ್ತನಾಳದಲ್ಲಿ ಜಿಡ್ಡು ಕಟ್ಟುವುದನ್ನು ತೋರಿಸಿದರು. ದೊಡ್ಡ ಕೆಲಸವೇ, ಅನುಮಾನವಿಲ್ಲ. ಆದರೆ ಮೊಲ ಸೊಪ್ಪು ತಿಂದು ಬದುಕುವ ಪ್ರಾಣಿ ಅಲ್ವಾ? ಅದರ ಮೈಗೆ ಈ ಲೆಕ್ಕ ನಿಭಾಯಿಸಿ ಗೊತ್ತಿಲ್ಲ.

ಹಾಗಾದರೆ ರಕ್ತದಲ್ಲಿ ಎಷ್ಟು ಉಳಿಯಬೇಕು ಅಂತ ನಿರ್ಧರಿಸುವುದು ಯಾವುದು? ಲಿವರಿನ ಕೋಶಗಳ ಮೇಲೆ ಗ್ರಾಹಕಗಳು ಅಂತ ಇವೆ. ಬಾಗಿಲು ಅಂದುಕೊಳ್ಳಿ. ಕೊಲೆಸ್ಟ್ರಾಲನ್ನು ಹೊತ್ತು ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳು, ಅಂದರೆ ಕೆಟ್ಟದ್ದು ಅಂತ ಹೆಸರಾದವು, ಈ ಬಾಗಿಲಿನಿಂದ ಒಳಗೆ ಹೋಗುತ್ತವೆ. ಬಾಗಿಲು ಜಾಸ್ತಿ ಇದ್ದರೆ ರಕ್ತದಲ್ಲಿ ಎಲ್‌ಡಿಎಲ್ ಕಡಿಮೆ, ಕಡಿಮೆ ಇದ್ದರೆ ಜಾಸ್ತಿ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.

ಬಾಗಿಲು ಎಷ್ಟಿರಬೇಕು ಅನ್ನುವುದರಲ್ಲಿ ಹಾರ್ಮೋನುಗಳ ಮಾತು ಬಹಳ ನಡೆಯುತ್ತದೆ. ಮುಖ್ಯವಾಗಿ ಥೈರಾಯ್ಡ್. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಈ ಬಾಗಿಲುಗಳೂ ಕಡಿಮೆಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಉಳಿದುಬಿಡುತ್ತದೆ. ಸುಸ್ತು, ಸ್ವಲ್ಪ ಚಳಿಯೂ ತಡೆಯಲಾಗದ ಮೈ, ಒಣಗಿದ ಚರ್ಮ, ಮಲಬದ್ಧತೆ, ಇದರ ಜೊತೆಗೆ ಏರಿದ ಕೊಲೆಸ್ಟ್ರಾಲ್. ಇಂಥವರಿಗೆ ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಎಷ್ಟೋ ಸಲ ಕೊಲೆಸ್ಟ್ರಾಲ್ ತಾನಾಗಿಯೇ ಇಳಿಯುತ್ತದೆ. ಥೈರಾಯ್ಡ್ ಕೊರತೆ ಇದೆಯೋ ಇಲ್ಲವೋ ನೋಡದೆ ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಕೊಟ್ಟರೆ ಸ್ನಾಯು ನೋವಿನ ಅಪಾಯ ಹೆಚ್ಚು. ಅದಕ್ಕೇ ಕೊಲೆಸ್ಟ್ರಾಲ್ ಏರಿದಾಗ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಹೇಳಿದರೆ, ಸುಮ್ನೆ ಖರ್ಚು ಅಂದುಕೊಳ್ಳಬೇಡಿ.

ಈಸ್ಟ್ರೊಜೆನ್ ಕೂಡ ಈ ಬಾಗಿಲುಗಳನ್ನು ಹೆಚ್ಚಿಸುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅದು ಇಳಿಯುತ್ತದೆ, ಎಲ್‌ಡಿಎಲ್ ಏರುತ್ತದೆ. ಅದೇ ಅಡುಗೆ, ಅದೇ ಊಟ, ಅದೇ ಓಡಾಟ. ಆದರೂ ರಿಪೋರ್ಟ್ ಬದಲಾಗುತ್ತದೆ. ಆಗ ಮನೆಯವರೆಲ್ಲ ಸೇರಿ "ನಿನ್ನ ಬಾಯಿಚಪಲ" ಅಂತ ಆಡಿಕೊಳ್ಳುವುದು ಅನ್ಯಾಯ. ಬಸುರಿಯರಲ್ಲಿ ಕೊಲೆಸ್ಟ್ರಾಲ್ ಏರುವುದು ಸಹಜ, ಹೆರಿಗೆಯಾದ ಮೇಲೆ ಅದು ಇಳಿಯುತ್ತದೆ. ಮೈ ಕಟ್ಟಲು ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವ ಹುಡುಗರ ಕಥೆ ಬೇರೆ. ಅವರ ಎಚ್‌ಡಿಎಲ್, ಅಂದರೆ ಒಳ್ಳೆಯದು ಅಂತ ಹೆಸರಾದದ್ದು, ಪಾತಾಳಕ್ಕೆ ಇಳಿಯುತ್ತದೆ.

ಇನ್ನು ಬೊಜ್ಜು. ಚರ್ಮದಡಿಯ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳಿನ ಸುತ್ತ ಕಟ್ಟಿದ ಕೊಬ್ಬು ಹೆಚ್ಚು ತೊಂದರೆ ಕೊಡುತ್ತದೆ. ಅಲ್ಲಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳು ರಕ್ತದ ಮೂಲಕ ನೇರ ಲಿವರಿಗೆ ಬರುತ್ತವೆ. ಕೊಬ್ಬನ್ನು ತಡೆದಿಡಬೇಕಾದ ಇನ್ಸುಲಿನ್ ಮಾತನ್ನು ಆ ಕೊಬ್ಬಿನ ಕೋಶಗಳು ಕೇಳುವುದನ್ನು ಬಿಟ್ಟಿರುತ್ತವೆ. ಲಿವರ್ ಬಂದದ್ದನ್ನೆಲ್ಲ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನಾಗಿ ಮಾಡಿ ರಕ್ತಕ್ಕೆ ಕಳಿಸುತ್ತದೆ. ಟ್ರೈಗ್ಲಿಸರೈಡ್ ಏರಿದರೆ ಎಚ್‌ಡಿಎಲ್ ಇಳಿಯುತ್ತದೆ. ಎಲ್‌ಡಿಎಲ್ ಕಣಗಳು ಸಣ್ಣದಾಗುತ್ತವೆ, ಲೆಕ್ಕದಲ್ಲಿ ಹೆಚ್ಚಾಗುತ್ತವೆ.

ಒಂದು ರಿಪೋರ್ಟ್ ನೋಡೋಣ. ಒಟ್ಟು ಕೊಲೆಸ್ಟ್ರಾಲ್ 232, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 230. ಎಲ್‌ಡಿಎಲ್ ಎಷ್ಟು? ಅನೇಕ ಲ್ಯಾಬುಗಳಲ್ಲಿ ಅದನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 46. 232ರಲ್ಲಿ 36 ಮತ್ತು 46 ಕಳೆದರೆ 150. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವಂತಿಲ್ಲ. ಎಲ್ಲರ ಕಣ್ಣು ಮೊದಲು ಹೋಗುವುದು ಆ 232ರ ಮೇಲೆ. ಈ ರಿಪೋರ್ಟಿನಲ್ಲಿ ನಾನು ಮೊದಲು ನೋಡುವುದು 230 ಮತ್ತು 36. ಅವೆರಡೂ ಸೊಂಟದ ಅಳತೆಯ ಕಡೆಗೆ, ಸಕ್ಕರೆಯ ಕಡೆಗೆ ಬೆರಳು ತೋರಿಸುತ್ತಿವೆ. ಇಂಥವರು ಮೊಟ್ಟೆ ಬಿಟ್ಟು, ಸಿಹಿ ಪಾನೀಯ ಮತ್ತು ಮದ್ಯ ಹಾಗೇ ಮುಂದುವರಿಸಿದರೆ ಏನು ಪ್ರಯೋಜನ?

ಹಾಗಂತ ಊಟಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಬೆಣ್ಣೆ, ಕೊಬ್ಬಿದ ಮಾಂಸದಂಥವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಆ ಬಾಗಿಲುಗಳನ್ನೇ ಕಡಿಮೆ ಮಾಡುತ್ತದೆ. ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ ಎಣ್ಣೆಯ ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದ್ದು. ಅದು ಎಲ್‌ಡಿಎಲ್ ಏರಿಸಿ, ಎಚ್‌ಡಿಎಲ್ ಇಳಿಸುತ್ತದೆ. ಕೊಬ್ಬು ಬಿಟ್ಟ ಜಾಗಕ್ಕೆ ಏನು ಬಂತು ಅನ್ನುವುದೂ ಮುಖ್ಯ. ಮೈದಾ, ಸಕ್ಕರೆ ಬಂದರೆ ಟ್ರೈಗ್ಲಿಸರೈಡ್ ಏರುತ್ತದೆ. ಬೀಜಗಳು, ದ್ರವರೂಪದ ಸಸ್ಯದ ಎಣ್ಣೆಗಳು ಬಂದರೆ ಎಲ್‌ಡಿಎಲ್ ಇಳಿಯುತ್ತದೆ.

ನನಗೆ ಇಷ್ಟವಾದ ಸಂಗತಿ ನಾರಿನದು. ಪಿತ್ತರಸದಲ್ಲಿರುವ ಪಿತ್ತಾಮ್ಲಗಳು ಆಗುವುದು ಕೊಲೆಸ್ಟ್ರಾಲಿನಿಂದ. ಲಿವರ್ ಅವುಗಳನ್ನು ಕರುಳಿಗೆ ಸುರಿಯುತ್ತದೆ. ಮೈ ಜಿಪುಣ, ಅದರಲ್ಲಿ ನೂರಕ್ಕೆ ಸುಮಾರು 95 ಭಾಗವನ್ನು ಮತ್ತೆ ಹೀರಿಕೊಳ್ಳುತ್ತದೆ. ಓಟ್ಸ್, ಕಾಳು, ಸೇಬಿನಲ್ಲಿರುವ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ, ಆ ಪಿತ್ತಾಮ್ಲಗಳನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಕಳೆದುಹೋದದ್ದನ್ನು ಮತ್ತೆ ಮಾಡಲು ಲಿವರಿಗೆ ಕೊಲೆಸ್ಟ್ರಾಲ್ ಬೇಕು. ಅದು ಹೊಸ ಬಾಗಿಲು ತೆರೆದು ರಕ್ತದಿಂದ ಎಳೆದುಕೊಳ್ಳುತ್ತದೆ.

ತೂಕ ಬೇಗ ಬೇಗ ಇಳಿಯುತ್ತಿರುವಾಗ ಪರೀಕ್ಷೆ ಮಾಡಿಸಿ ಗಾಬರಿಯಾಗಬೇಡಿ. ಕರಗುತ್ತಿರುವ ಕೊಬ್ಬಿನಲ್ಲಿದ್ದ ಕೊಲೆಸ್ಟ್ರಾಲ್ ರಕ್ತಕ್ಕೆ ಬಂದು, ಅಂಕಿ ಸ್ವಲ್ಪ ದಿನ ಏರಬಹುದು. ತೂಕ ಒಂದು ಕಡೆ ನಿಂತ ಮೇಲೆ ನೋಡಿ.

ಕೊನೆಗೆ, ಸಣ್ಣಗಿದ್ದು, ಥೈರಾಯ್ಡ್ ಸರಿಯಿದ್ದು, ಹಿತಮಿತವಾಗಿ ತಿಂದೂ ಎಲ್‌ಡಿಎಲ್ 190 ದಾಟಿದವರಿದ್ದಾರೆ. ಇವರಲ್ಲಿ ಕೆಲವರಿಗೆ ಆ ಬಾಗಿಲಿನ ದೋಷ ಹುಟ್ಟಿನಿಂದಲೇ ಬಂದಿರುತ್ತದೆ. ಎಲ್ಲ ಜನರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಸುಮಾರು 250 ಜನರಲ್ಲಿ ಒಬ್ಬರಿಗೆ ಈ ಹುಟ್ಟುದೋಷ ಇರುತ್ತದೆ. ಇವರಿಗೆ ಪಥ್ಯವೊಂದೇ ಸಾಲದು, ಮಾತ್ರೆ ಬೇಕು. ಒಡಹುಟ್ಟಿದವರ, ಮಕ್ಕಳ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು.

ನಮಸ್ಕಾರ.