ಶಾಲೆಯ ಲ್ಯಾಪ್‌ಟಾಪ್ ಮನೆಗೆ ಬಂದರೆ

ಎಲ್ಲರಿಗೂ ನಮಸ್ಕಾರ.

ವಿದ್ಯಾರ್ಥಿಗಳ ಡೇಟಾ ಒಂದು ವಿಷಯ, ಅವರ ವಾಕ್ ಸ್ವಾತಂತ್ರ್ಯ ಇನ್ನೊಂದು ಅಂತ ಬೇರೆ ಬೇರೆ ಇಟ್ಟು ಮಾತಾಡುವುದು ರೂಢಿ. ನನಗೇನೋ ಎರಡೂ ಒಂದೇ ಅನ್ನಿಸುತ್ತದೆ. ಬರೆದದ್ದನ್ನೆಲ್ಲ ಯಾರೋ ಓದುತ್ತಿದ್ದಾರೆ ಅಂತ ಗೊತ್ತಾದರೆ ಹುಡುಗರು ಬರೆಯುವುದನ್ನೇ ಬಿಡುತ್ತಾರೆ, ಅಲ್ವಾ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಎರಡು ಕೇಸು ನೋಡೋಣ.

ಮಹನಾಯ್ ಶಾಲೆಯ ಹುಡುಗಿಯೊಬ್ಬಳಿಗೆ 2017ರಲ್ಲಿ ಚಿಯರ್‌ಲೀಡರ್‌ಗಳ ಮುಖ್ಯ ತಂಡದಲ್ಲಿ ಜಾಗ ಸಿಗಲಿಲ್ಲ. ಶನಿವಾರ, ಶಾಲೆಯಿಂದ ದೂರ, ಅಂಗಡಿಯೊಂದರಲ್ಲಿ ನಿಂತು ಸ್ನ್ಯಾಪ್‌ಚಾಟ್‌ನಲ್ಲಿ ಚೆನ್ನಾಗಿ ಬೈದು ಹಾಕಿದಳು. ಒಂದು ದಿನದಲ್ಲಿ ತಾನಾಗಿಯೇ ಅಳಿಸಿಹೋಗುವ ಪೋಸ್ಟ್ ಅದು. ಯಾರೋ ಸ್ಕ್ರೀನ್‌ಶಾಟ್ ತೆಗೆದರು, ಅದು ಕೋಚ್ ಕೈ ಸೇರಿತು, ಹುಡುಗಿ ಒಂದು ವರ್ಷ ತಂಡದಿಂದ ಹೊರಗೆ. 2021ರಲ್ಲಿ ಸುಪ್ರೀಂ ಕೋರ್ಟ್ 8–1ರಲ್ಲಿ ಅವಳ ಪರ ತೀರ್ಪು ಕೊಟ್ಟಿತು. ಅದು ಕೊಟ್ಟ ಒಂದು ಕಾರಣ ನನಗೆ ತುಂಬಾ ಇಷ್ಟ: ಒಳಗಿನ ಮಾತಿನ ಜೊತೆ ಹೊರಗಿನ ಮಾತಿಗೂ ಶಾಲೆಯೇ ಕಡಿವಾಣ ಹಾಕಿದರೆ, ದಿನದ 24 ಗಂಟೆಯ ಮಾತೂ ಶಾಲೆಯ ಕೈಗೆ ಹೋದಂತೆ. ಬೆದರಿಕೆ, ಗಂಭೀರ ಕಿರುಕುಳದ ಮಾತು ಬೇರೆ ಅಂತಲೂ ಕೋರ್ಟ್ ಹೇಳಿತು.

ಇನ್ನೊಂದು ಇದಕ್ಕಿಂತ ಹಳೆಯದು, 2010ರದ್ದು. ಲೋವರ್ ಮೆರಿಯನ್‌ನ ಶಾಲೆಗಳು ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟಿದ್ದವು. ಕಳೆದುಹೋದರೆ ಹುಡುಕಲು ಅಂತ ಅದರೊಳಗೆ ಒಂದು ಸಾಫ್ಟ್‌ವೇರ್ ಇತ್ತು. ಅದು ಸದ್ದಿಲ್ಲದೆ ವೆಬ್‌ಕ್ಯಾಮ್‌ನಿಂದ ಫೋಟೋ ತೆಗೆಯುತ್ತಿತ್ತು. ಮನೆಯಲ್ಲಿ, ಮಲಗುವ ಕೋಣೆಯಲ್ಲಿ. ಕೇಸು ಹಾಕಿದ ಹುಡುಗ ಹೇಳಿದ್ದಿಷ್ಟು: ನಾನು ತಿನ್ನುತ್ತಿದ್ದದ್ದು ಮಿಠಾಯಿ, ಫೋಟೋ ನೋಡಿದ ಶಾಲೆಯವರು ಅದನ್ನು ನಶೆಯ ಮಾತ್ರೆ ಅಂದುಕೊಂಡರು! ಕೊನೆಗೆ 6,10,000 ಡಾಲರ್ ಕೊಟ್ಟು ರಾಜಿಯಾಯಿತು.

ಈಗ ಎರಡನ್ನೂ ಒಟ್ಟಿಗೆ ನೋಡಿ. ಹೊರಗಿನ ಮಾತಿಗೆ ಶಿಕ್ಷೆ ಕೊಡಲು ಮಿತಿ ಇದೆ. ಆದರೆ ಹೊರಗಿನ ಮಾತನ್ನು ಕದ್ದು ನೋಡಲು? ಅಲ್ಲಿ ಕಾನೂನು ಬಹಳ ಸಡಿಲ. ಶಿಕ್ಷಣ ದಾಖಲೆಗಳ ಗುಟ್ಟು ಕಾಯುವ ಫೆರ್ಪಾ ಕಾಯ್ದೆ 1974ರದ್ದು, ಕಪಾಟಿನಲ್ಲಿ ಫೈಲು ಇಡುತ್ತಿದ್ದ ಕಾಲದ್ದು. ಶಾಲೆಯ ಕೆಲಸ ಮಾಡಿಕೊಡುವ ಕಂಪನಿಯನ್ನೂ ಇಂದು ಅದರಡಿ ‘ಶಾಲಾ ಅಧಿಕಾರಿ’ ಎಂದು ಪರಿಗಣಿಸಬಹುದು. ಪೋಷಕರನ್ನು ಕೇಳದೆ ಡೇಟಾ ಅದರ ಕೈಗೆ ಹೋಗಬಹುದು.

‘ಕಾನೂನೇ ನಿಗಾ ಇಡಿ ಅಂದಿದೆ’ ಅಂತ ಶಾಲೆಗಳು ಹೇಳುವುದುಂಟು. ಅದು ಮಕ್ಕಳ ಇಂಟರ್‌ನೆಟ್ ರಕ್ಷಣೆಗೆಂದು 2000ರಲ್ಲಿ ಬಂದ ಕಾಯ್ದೆ. ನಿಗಾ ಇಡಿ ಅಂತ ಅದು ಹೇಳುವುದು ನಿಜ. ಆದರೆ ಗುರುತಿಸಬಹುದಾದ ಯಾವ ವ್ಯಕ್ತಿಯ ಬಳಕೆಯನ್ನೂ ಟ್ರ್ಯಾಕ್ ಮಾಡಲೇಬೇಕು ಅಂತ ಅರ್ಥ ಮಾಡಿಕೊಳ್ಳಬೇಡಿ ಅಂತಲೂ ಅದೇ ಕಾಯ್ದೆ ಬರೆದಿದೆ. ಆ ಸಾಲನ್ನು ಓದುವವರು ಕಡಿಮೆ.

ಮಗು ಜೀವಕ್ಕೆ ಅಪಾಯ ಮಾಡಿಕೊಳ್ಳುವ ಮಾತು ಬರೆದರೆ ಗೊತ್ತಾಗುವುದು ಬೇಡವಾ ಅಂತ ನೀವು ಕೇಳಬಹುದು. ಬೇಕು. ಆ ಎಚ್ಚರಿಕೆ ಮೊದಲು ತಲುಪಬೇಕಾದದ್ದು ಆಪ್ತಸಲಹೆಗಾರರಿಗೆ, ಪೊಲೀಸರಿಗಲ್ಲ. ಉಳಿದದ್ದನ್ನು ಸುಮ್ನೆ ಗುಡ್ಡೆ ಹಾಕುವುದಕ್ಕೆ ಕಾರಣವೇ ಇಲ್ಲ. ಕೊನೆಯ ಗಂಟೆ ಹೊಡೆದ ಮೇಲೆ ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ನಿಗಾ ಇಡುವ ಸಾಫ್ಟ್‌ವೇರ್ ಆಫ್ ಆಗಲಿ. ಹಾಗಂತ ಕಂಪನಿಯ ಜೊತೆಗಿನ ಒಪ್ಪಂದದಲ್ಲೇ ಬರೆಸಲಿ, ಆ ಒಪ್ಪಂದದ ಪ್ರತಿಯನ್ನು ಪೋಷಕರಿಗೆ ಕೊಡಲಿ.